ನರ್ಸ್ ಆಯಿಯ ನೋಟುಪುಸ್ತಕಗಳು

(ಶತಮಾನೋತ್ಸವ ಸಮಾರಂಭದ ಎರಡನೆಯ ದಿನ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆ ಸ್ಮರಿಸಬೇಕಾದವರ ಪಟ್ಟಿ ಉದ್ದವಾಗಿಯೇ ಇರುತ್ತದೆ. ಜಾಗ ಕೊಟ್ಟವರು, ಕಟ್ಟಡಕ್ಕೆ ಕಲ್ಲು ಹೊತ್ತವರು, ಗಡಿಯ ಈಚೆಗೆ ಬಂದ ಮೇಲೂ ಕನ್ನಡದ ತರಗತಿಗಳನ್ನು ಮುಚ್ಚಗೊಡದೆ ಕಾಪಾಡಿದ ಗುರುಗಳು, ಇವರೆಲ್ಲರ ಕುರಿತು ನಿನ್ನೆಯಿಂದ ಬಲ್ಲವರು ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದಿರುವ ಈ ಅರ್ಧ ಗಂಟೆಯನ್ನು ನಮ್ಮ ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದ, ನಮ್ಮ ಹಾಜರಿ ಪುಸ್ತಕದಲ್ಲಾಗಲಿ ದೇಣಿಗೆ ಪಾವತಿಗಳಲ್ಲಾಗಲಿ ಹೆಸರಿಲ್ಲದ ಒಬ್ಬ ಹೆಣ್ಣುಮಗಳ ಸ್ಮರಣೆಗೆ ಮೀಸಲಿಡುತ್ತೇನೆಂದು ಸಮಿತಿಯವರನ್ನು ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಸಮಿತಿಯ ಸದಸ್ಯರಲ್ಲಿ ಮೂವರು ಅವರ ಕೈಯಲ್ಲಿಯೇ ಹುಟ್ಟಿದವರೆಂಬುದು ಆಮೇಲೆ ತಿಳಿಯಿತು.

ಅವರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಬಾರದೆಂಬುದು ಅವರ ಮನೆಯವರ ಇಚ್ಛೆ. ಊರಿಗಂತೂ ಅವರ ಹೆಸರು ಎಂದೂ ಬೇಕಾಗಿರಲಿಲ್ಲ. ಮೊದಲು ಅವರು ‘ನರ್ಸಬಾಯಿ’, ತಲೆ ಹಣ್ಣಾದ ಮೇಲೆ ‘ನರ್ಸ್ ಆಯಿ’. ಈ ‘ಆಯಿ’ ಎಂಬ ಮಾತಿನ ಸೊಗಸನ್ನು ಗಡಿಯವರಾದ ನಾವೇ ಬಲ್ಲೆವು. ನಮ್ಮ ಭಾಗದ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಪಕ್ಕದ ಓಣಿಯ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಒಂದೇ ಕೂಗಿಗೆ ಅವರು ಒಂದು ಮನೆಯಲ್ಲಿ ಅಜ್ಜಿಯಾಗಿಯೂ ಇನ್ನೊಂದು ಮನೆಯಲ್ಲಿ ತಾಯಿಯಾಗಿಯೂ ಓಗೊಡುತ್ತಿದ್ದರು.

ಈ ಸ್ಮರಣ ಸಂಪುಟಕ್ಕಾಗಿ ಹಳೆಯ ದಾಖಲಾತಿ ರಜಿಸ್ಟರುಗಳನ್ನು ಕಪಾಟಿನಿಂದ ಇಳಿಸಿ ಓದುವ ಕೆಲಸ ನನ್ನದಾಗಿತ್ತು. ಹಳೆಯ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಂತಹ ರಜಿಸ್ಟರುಗಳಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿರುತ್ತದೆ. ನನ್ನ ಅಣ್ಣನೂ ಜೂನ್ 1ರವನೇ. ಮಗುವನ್ನು ಶಾಲೆಗೆ ಕರೆತಂದ ತಂದೆಗೆ ತಾರೀಖು ಎಲ್ಲಿಂದ ಗೊತ್ತಿರಬೇಕು? ‘ಮಿರಗ ಮಳೆಯ ಹೊತ್ತಿಗೆ’ ಎನ್ನುವನು, ‘ಕೊಯ್ನಾ ಭೂಕಂಪದ ವರ್ಷ’ ಎನ್ನುವನು, ‘ದೊಡ್ಡ ಬರದಾಗ’ ಎನ್ನುವನು. ಕೊಯ್ನೆಯ ಭೂಮಿ ನಡುಗಿದ್ದು 1967ರ ಡಿಸೆಂಬರಿನಲ್ಲಿ, ಬರ 1972ರದು. ವರ್ಷವಾದರೂ ಅಂದಾಜಿಗೆ ಸಿಕ್ಕೀತು, ದಿನ ಸಿಗದು. ಗುರುಗಳು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುವರು. ಮುಟ್ಟಿದರೆ ವಯಸ್ಸು ಆಯಿತು. ಶಾಲೆ ಆರಂಭವಾಗುವ ತಿಂಗಳಿನ ಮೊದಲ ದಿನವೇ ಜನ್ಮದಿನವೂ ಆಯಿತು. ಇದು ನಮ್ಮ ಶಾಲೆಯ ವಿಶೇಷವಲ್ಲ, ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಒಂದು ತಲೆಮಾರು ಹೀಗೆಯೇ ಹುಟ್ಟಿತು.

ಆದರೆ 1964ರಿಂದ ನಮ್ಮ ರಜಿಸ್ಟರಿನ ಬಣ್ಣ ಬದಲಾಗುತ್ತದೆ. ಜೂನ್ 1ರ ಸಾಲುಗಳ ನಡುವೆ ಫೆಬ್ರುವರಿ 19, ಆಗಸ್ಟ್ 7, ಡಿಸೆಂಬರ್ 24 ಎಂಬಂಥ ತಾರೀಖುಗಳು ಕಾಣಿಸಿಕೊಳ್ಳುತ್ತವೆ. ಮೊದಲ ವರ್ಷ ಎರಡೋ ಮೂರೋ, ಬರಬರುತ್ತ ಪುಟದ ಮುಕ್ಕಾಲು ಭಾಗ. ಷರಾ ಅಂಕಣದಲ್ಲಿ ಆಗಿನ ಮುಖ್ಯ ಗುರುಗಳ ಸಣ್ಣ ಅಕ್ಷರಗಳಲ್ಲಿ ಒಂದೇ ಮಾತು: ‘ನರ್ಸಬಾಯಿಯವರ ವಹಿಯಂತೆ’. ಜನನ ಮರಣಗಳ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಮನೆಯಲ್ಲಿ ಹುಟ್ಟಿದ ಕೂಸುಗಳನ್ನು ಅದು ತಲುಪಲು ಮತ್ತೂ ಎಷ್ಟೋ ವರ್ಷಗಳು ಹಿಡಿದವು. ಅಲ್ಲಿಯ ತನಕ ನಮ್ಮ ಮಕ್ಕಳಿಗೆ ಈ ವಹಿಯೇ ಆಧಾರ.

ನರ್ಸ್ ಆಯಿ ಹುಟ್ಟಿದ್ದು 1934ರಲ್ಲಿ, ಗದಗ-ಬೆಟಗೇರಿಯ ಕನ್ನಡ ಕ್ರೈಸ್ತ ಮನೆತನದಲ್ಲಿ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ 1834ರಲ್ಲಿ ಬಂದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆ ನಿಂತ ಕಥೆ ಕನ್ನಡ ಸಾಹಿತ್ಯವನ್ನು ಓದಿದವರಿಗೆ ಪರಿಚಿತ. ಅವರ ಮನೆಯಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಲೆಕ್ಕ ಕನ್ನಡದಲ್ಲಿ, ಜಗಳವೂ ಕನ್ನಡದಲ್ಲಿಯೇ. ಹದಿನೆಂಟನೆಯ ವಯಸ್ಸಿಗೆ ಅವರು ಮಿರಜಿನ ಮಿಶನ್ ದವಾಖಾನೆಗೆ ನರ್ಸಿಂಗ್ ಕಲಿಯಲು ಹೋದರು.

ಮಿರಜಿನ ಕುರಿತು ಎರಡು ಮಾತು ಹೇಳಲೇಬೇಕು. ಡಾ. ವಿಲಿಯಂ ವಾನ್ಲೆಸ್ ಎಂಬ ಕೆನಡಾ ಮೂಲದ ವೈದ್ಯರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಮೂಲಕ 1889ರಲ್ಲಿ ಈ ಭಾಗಕ್ಕೆ ಬಂದರು. ಮಿರಜಿನ ಆಸ್ಪತ್ರೆ ತೆರೆದದ್ದು 1894ರಲ್ಲಿ. ಅದೇ 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ ಅವರ ನಿಘಂಟು ಹೊರಬಂತು, ಕನ್ನಡ ಎಂ.ಎ. ಮಾಡಿದ ನನ್ನಂಥವಳಿಗೆ ಆ ಇಸವಿಯನ್ನು ಕೇಳಿದೊಡನೆ ಇದು ನೆನಪಾಗದೆ ಇರದು. ಸಾಂಗಲಿ ಮಿರಜಗಳ ನಡುವೆ ಕ್ಷಯರೋಗಿಗಳಿಗಾಗಿ ನಿಂತ ಆಸ್ಪತ್ರೆಯಿಂದಾಗಿ ಇಂದಿಗೂ ಆ ಜಾಗಕ್ಕೆ ವಾನ್ಲೆಸವಾಡಿ ಎಂದೇ ಹೆಸರು. ಕೊಲ್ಹಾಪುರದ ಮೇರಿ ವಾನ್ಲೆಸ್ ಆಸ್ಪತ್ರೆಗೆ ಇರುವುದು ಅವರ ಪತ್ನಿಯ ಹೆಸರು. ರೈಲು ಇದ್ದುದರಿಂದ ಮಿರಜಿಗೆ ಕುಡಚಿ, ರಾಯಬಾಗ, ಘಟಪ್ರಭೆಗಳ ಕಡೆಯಿಂದ ಕನ್ನಡದ ರೋಗಿಗಳು ಬುತ್ತಿ ಗಂಟು ಕಟ್ಟಿಕೊಂಡು ಬರುತ್ತಿದ್ದರು. ವೈದ್ಯರ ಮಾತು ಇಂಗ್ಲಿಷ್, ವಾರ್ಡಿನ ಮಾತು ಮರಾಠಿ, ನೋವಿನ ಮಾತು ಕನ್ನಡ.

ಈ ನೋವಿನ ಮಾತು ಎಷ್ಟು ಕಷ್ಟದ್ದೆಂಬುದನ್ನು ಆಯಿ ನನಗೆ ಒಮ್ಮೆ ವಿವರಿಸಿದ್ದರು. ನಮ್ಮ ಕಡೆಯ ಹೆಂಗಸು ‘ಸಂಕಟ ಆಗತೈತಿ’ ಎಂದರೆ ಹೊಟ್ಟೆ ತೊಳಸುತ್ತಿದೆ, ಒಳಗೆ ಏನೋ ಹಿಂಸೆಯಾಗುತ್ತಿದೆ ಎಂದರ್ಥ. ಮರಾಠಿಯ ಕಿವಿಗೆ ಸಂಕಟವೆಂದರೆ ವಿಪತ್ತು. ಅವಳ ಮನೆಯಲ್ಲಿ ಏನೋ ಆಪತ್ತು ಬಂದಿದೆಯೆಂದು ತಿಳಿದು ಸಮಾಧಾನ ಹೇಳಿ ಕಳಿಸಿಯಾರು. ‘ಬ್ಯಾನಿ ಬಂದಾವ’ ಎಂದಳೆಂದರೆ ಹೆರಿಗೆಯ ನೋವು ಶುರುವಾಗಿದೆ, ಇನ್ನು ಬಾಗಿಲ ಬಳಿ ಕೂರಿಸಬಾರದು. ಇದನ್ನೆಲ್ಲ ಬಿಡಿಸಿ ಹೇಳಲು ಕಲಿಯುವ ಹುಡುಗಿಯಾಗಿದ್ದ ಅವರನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಕರೆಯುತ್ತಿದ್ದರಂತೆ. ಮಾತೃಭಾಷೆಯ ಶಿಕ್ಷಣದ ಮೇಲೆ ನಾವು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇವೆ, ನಾನೂ ಕೊಟ್ಟಿದ್ದೇನೆ. ಭಾಷೆ ತಿಳಿದ ಒಬ್ಬ ದಾದಿಯಿಂದ ಒಂದು ಜೀವ ಉಳಿಯಬಹುದು ಎಂಬ ಮಾತನ್ನು ಆ ಉಪನ್ಯಾಸಗಳಲ್ಲಿ ಯಾರೂ ಹೇಳಿರಲಿಲ್ಲ.

ಅಂದು ದಾದಿಯರೆಂದರೆ ಬೆರಳೆಣಿಕೆ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ನಮ್ಮ ದೇಶದಲ್ಲಿ 43,000 ಜನರಿಗೆ ಒಬ್ಬ ನರ್ಸ್ ಇದ್ದರು. ಅವರಲ್ಲಿ ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು. ಪರರ ರಕ್ತ, ಕೀವು, ಹೊಲಸು ಮುಟ್ಟುವ ಕೆಲಸಕ್ಕೆ, ಅದೂ ರಾತ್ರಿ ಪಾಳಿಗೆ, ಪರಗಂಡಸರ ನಡುವೆ, ಉಳಿದವರು ತಮ್ಮ ಹೆಣ್ಣುಮಕ್ಕಳನ್ನು ಕಳಿಸಲು ಸಿದ್ಧರಿರಲಿಲ್ಲ. ಆರೈಕೆ ಬೇಕಿತ್ತು, ಆರೈಕೆ ಮಾಡುವವಳ ಕೈಯಿಂದ ನೀರು ಬೇಕಿರಲಿಲ್ಲ. ಆಯಿ ನಮ್ಮೂರಿಗೆ ಬಂದ ಮೊದಲ ವರ್ಷಗಳಲ್ಲಿ ಬಾಣಂತಿಗೆ ಚುಚ್ಚುಮದ್ದು ಕೊಟ್ಟು ಹೊರಟ ಮೇಲೆ ಅವರು ಕುಳಿತ ಜಾಗಕ್ಕೆ ಸೆಗಣಿ ಸಾರಿಸಿದ ಮನೆಗಳಿದ್ದವು. ಅವರಿಗೆ ಅದು ಗೊತ್ತಿತ್ತು. ನೆಲ ಸಾರಿಸಿದ ಸೆಗಣಿಯ ಕೈಯಲ್ಲೇ ಕೂಸಿನ ಹೊಕ್ಕುಳ ಮುಟ್ಟಬೇಡಿರೆಂಬುದಷ್ಟೇ ಅವರು ಆ ಮನೆಗಳಿಗೆ ಹೇಳಿದ ಮಾತು.

ಅವರು ತರಬೇತಿ ಮುಗಿಸಿದ್ದು 1956ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಅದರ ಚಂದಗಡ ತಾಲೂಕು ಮಾತ್ರ ಕೊಲ್ಹಾಪುರ ಜಿಲ್ಲೆಗೆ ಸೇರಿತು. ಅವರ ಟ್ರಂಕಿನಲ್ಲಿದ್ದ ಕಾಗದಪತ್ರಗಳೇ ಒಂದು ಭೂಗೋಳದ ಪಾಠ. ಮಿರಜು ಆಗ ದಕ್ಷಿಣ ಸಾತಾರಾ ಜಿಲ್ಲೆಯಲ್ಲಿತ್ತು. ಸಾಂಗಲಿ ಜಿಲ್ಲೆಯೆಂಬ ಹೆಸರು ಬಂದದ್ದು 1960ರಲ್ಲಿ. ರಾಜ್ಯ ಮೊದಲು ಮುಂಬಯಿ, ಆಮೇಲೆ ಮಹಾರಾಷ್ಟ್ರ. 1958ರಲ್ಲಿ ಕಂಪೌಂಡರ್ ಆಗಿದ್ದ ಪತಿಯೊಂದಿಗೆ ಅವರು ಈ ಕಡೆಗೆ ಬಂದರು, ನಮ್ಮ ಭಾಗದ ಒಂದು ಸರಕಾರಿ ದವಾಖಾನೆಯಲ್ಲಿ ಸೇರಿಕೊಂಡರು, 1992ರಲ್ಲಿ ನಿವೃತ್ತರಾದರು. ನಡುವೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡರು. ತವರಿಗೆ ಬರಬೇಕೆಂದು ಅಣ್ಣಂದಿರು ಕರೆದರೂ ಹೋಗಲಿಲ್ಲ.

ಅವರು ಮಾಡಿದ ಕೆಲಸವನ್ನು ದೊಡ್ಡ ಮಾತುಗಳಲ್ಲಿ ಹೇಳುವುದು ನನಗೆ ಇಷ್ಟವಿಲ್ಲ. ಒಂದು ಬ್ಲೇಡಿನ ಮಾತು ಹೇಳುತ್ತೇನೆ. ಆ ಕಾಲದಲ್ಲಿ ಕೂಸು ಹುಟ್ಟಿ ಎರಡು ದಿನ ಚೆನ್ನಾಗಿ ಹಾಲು ಕುಡಿದು, ಆಮೇಲೆ ಬಾಯಿ ಬಿಗಿಹಿಡಿದು, ಮೈ ಬಿಲ್ಲಿನಂತೆ ಸೆಟೆದು ತೀರಿಕೊಳ್ಳುವುದು ಸಾಮಾನ್ಯವಾಗಿತ್ತು. ಧನುರ್ವಾಯು. ಗಾಳಿ ಸೋಕಿತು, ದೃಷ್ಟಿ ತಗುಲಿತು ಎನ್ನುತ್ತಿದ್ದರು. ಕಾರಣ ಕುಡಗೋಲಿನಲ್ಲಿತ್ತು, ಹೊಕ್ಕುಳಿಗೆ ಹಚ್ಚುವ ಬೂದಿ ಸೆಗಣಿಗಳಲ್ಲಿತ್ತು. ಮಣ್ಣಿನಲ್ಲಿಯೂ ದನದ ಸೆಗಣಿಯಲ್ಲಿಯೂ ಇರುವ ಆ ರೋಗಾಣು ಹಸಿ ಗಾಯದ ಮೂಲಕ ಕೂಸಿನ ಮೈ ಸೇರುತ್ತದೆ. ಕುದಿಸಿದ ಹೊಸ ಬ್ಲೇಡು, ಕುದಿಸಿದ ದಾರ, ಸಾಬೂನಿನಿಂದ ತೊಳೆದ ಕೈ. ಇಷ್ಟಿದ್ದರೆ ಬಹುಮಟ್ಟಿಗೆ ತಡೆಯಬಹುದು. ಮುಂದೆ ಗರ್ಭಿಣಿಗೆ ಚುಚ್ಚುಮದ್ದು ಬಂತು, 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು. ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನ ಮಾಡಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2015ರಲ್ಲಿ. ಆಯಿ ಅದನ್ನು ಕೇಳಲು ಇರಲಿಲ್ಲ.

ಬ್ಲೇಡನ್ನು ಮನೆಯೊಳಗೆ ಒಯ್ಯುವುದು ಹೇಗೆ? ಅದು ಸೂಲಗಿತ್ತಿಯ ರಾಜ್ಯ. ತಲೆಮಾರುಗಳಿಂದ ಹೆರಿಗೆ ಮಾಡಿಸುತ್ತ ಬಂದ ವೃದ್ಧೆಯರ ಮುಂದೆ ಇಪ್ಪತ್ತನಾಲ್ಕರ ಹುಡುಗಿ, ಅದೂ ಪರಊರಿನವಳು, ಪರಧರ್ಮದವಳು, ನೀವು ಮಾಡುವುದು ತಪ್ಪು ಎಂದರೆ ಬಾಗಿಲು ಮುಚ್ಚುತ್ತಿತ್ತು. ಅವರು ಹಾಗೆನ್ನಲಿಲ್ಲ. ಸೂಲಗಿತ್ತಿಯನ್ನೇ ಬಾಣಂತಿಯ ತಲೆಯ ಕಡೆಗೆ ಕೂರಿಸಿ, ಧೈರ್ಯ ಹೇಳಲು ನಿಮ್ಮಷ್ಟು ನನಗೆ ಬಾರದು ಎನ್ನುತ್ತಿದ್ದರು. ಹೊಕ್ಕುಳ ಬಳ್ಳಿಯನ್ನು ಕತ್ತರಿಸುವ ಮಾನವನ್ನು ಆಕೆಗೇ ಬಿಟ್ಟು, ಬ್ಲೇಡನ್ನು ಮಾತ್ರ ತಮ್ಮ ಡಬ್ಬಿಯಿಂದ ಕೊಡುತ್ತಿದ್ದರು. ಹೆರಿಗೆಯ ಮನೆಯವರು ಕೊಡುವ ಖಣ, ಅಕ್ಕಿ, ಅಡಿಕೆ ಎಲ್ಲವೂ ಸೂಲಗಿತ್ತಿಗೇ. ನಾಲ್ಕೈದು ವರ್ಷಗಳಲ್ಲಿ ಸೂಲಗಿತ್ತಿಯರೇ ಬ್ಲೇಡು ಕೇಳಿಕೊಂಡು ಅವರ ಮನೆಗೆ ಬರುವಂತಾಯಿತು. ಶಿಕ್ಷಕರ ತರಬೇತಿಯಲ್ಲಿ ನಾವು ಬೋಧನಾ ವಿಧಾನವೆಂದು ಓದುವುದಕ್ಕಿಂತ ಇದು ಮೇಲಾದ ವಿಧಾನವೆಂಬುದು ನನ್ನ ಅಭಿಪ್ರಾಯ. ಬಿ.ಎಡ್. ಪಠ್ಯದ ಮೇಲೆ ನನಗೆ ಸಿಟ್ಟೇನೂ ಇಲ್ಲ.

ಸಿಡುಬಿನ ಕಾಲದಲ್ಲಿಯೂ ಹೀಗೆಯೇ. ನಮ್ಮ ಕಡೆ ಸಿಡುಬಿಗೆ ಹೆಸರೇ ದೇವಿ. ಲಸಿಕೆ ಹಾಕುವುದಕ್ಕೂ ‘ದೇವಿ ಹಾಕುವುದು’ ಎಂದೇ ಅನ್ನುತ್ತಿದ್ದರು. ಮೈಯಲ್ಲಿ ದೇವಿ ಬಂದ ಮನೆಗೆ ಕ್ರೈಸ್ತ ನರ್ಸ್ ಸೂಜಿ ಹಿಡಿದು ಹೋಗುವುದು ಸಣ್ಣ ಮಾತಲ್ಲ. ಬೇವಿನ ತೋರಣ ಕಟ್ಟಿದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ಅವರು ಹೇಳುತ್ತಿದ್ದುದನ್ನು ನಮ್ಮ ತಾಯಿ ಕೇಳಿದ್ದರು: “ಯವ್ವಾ, ನಿಮ್ಮ ಪೂಜಿ ಮುಗಸ್ರಿ, ನಾ ಕುಂತಿರತೀನಿ. ಆಮ್ಯಾಲ ಉಳದ ಕೂಸಗಳ ತೋಳು ನನಗ ಕೊಡ್ರಿ.” ಪೂಜೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕುಳಿತೇ ಇರುತ್ತಿದ್ದರು. 1975ರ ನಂತರ ಆ ರೋಗ ನಮ್ಮ ದೇಶದಲ್ಲಿ ಕಾಣಿಸಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರ ತೋಳುಗಳ ಮೇಲಿನ ದುಂಡನೆಯ ಕಲೆಗಳಲ್ಲಿ ಅನೇಕವು ಅವರ ಕೈಯವೇ.

ಅವರ ಭಕ್ತಿಯ ಕುರಿತು ಹೇಳದೆ ಹೋದರೆ ಅವರ ಜೀವನದ ಅರ್ಧವನ್ನು ಬಿಟ್ಟಂತಾಗುತ್ತದೆ. ಬೆಳಗಿನ ಐದಕ್ಕೆ ಎದ್ದು ಲಾಟೀನಿನ ಬೆಳಕಿನಲ್ಲಿ ಸತ್ಯವೇದ ಓದಿ, ಅಂದು ನೋಡಬೇಕಾದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಪ್ರಾರ್ಥಿಸಿದ ನಂತರವೇ ಅವರು ಒಲೆ ಹಚ್ಚುತ್ತಿದ್ದುದು. ಇಲ್ಲಿ ದೇವಾಲಯವಿಲ್ಲದ ಕಾರಣ ತಿಂಗಳಿಗೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಭಾನುವಾರದ ಆರಾಧನೆ ಮುಗಿಸಿ ಬರುತ್ತಿದ್ದರು. ಕ್ರಿಸ್‌ಮಸ್ಸಿಗೆ ಓಣಿಗೆಲ್ಲ ಕರಜಿಕಾಯಿ ಹಂಚುತ್ತಿದ್ದರು; ಮೊದಲು ಕೈಚಾಚಿದವರು ಮಕ್ಕಳು, ಹತ್ತು ವರ್ಷಗಳ ಮೇಲೆ ಮಕ್ಕಳ ಅಜ್ಜಿಯರು. ಆದರೆ ರೋಗಿಯ ಹಾಸಿಗೆಯ ಬಳಿ ಅವರು ತಮ್ಮ ಧರ್ಮದ ಮಾತು ಆಡಿದ್ದನ್ನು ಕೇಳಿದವರಿಲ್ಲ. ಅದೇಕೆಂದು ನಾನೊಮ್ಮೆ ಕೇಳಿದ್ದಕ್ಕೆ, “ಮಲಗಿದವರಿಗೆ ಒಲ್ಲೆ ಅನ್ನೂ ಶಕ್ತಿ ಇರೂದಿಲ್ಲವಾ ಅಕ್ಕೋರೆ” ಎಂದು ಉತ್ತರಿಸಿದರು.

ಹಾಗಿದ್ದರೂ ಒಮ್ಮೆ ಅವರ ಮೇಲೆ ಹೆಸರಿಲ್ಲದ ಅರ್ಜಿ ಹೋಯಿತು, ಹೆರಿಗೆಯ ನೆಪದಲ್ಲಿ ಮತಾಂತರ ಮಾಡುತ್ತಾರೆಂದು. ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಆಯಿ ಏನನ್ನೂ ವಾದಿಸದೆ ನೋಟುಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಅಂಕಣಗಳು ಇಷ್ಟೇ: ತಾರೀಖು, ಹೊತ್ತು, ತಾಯಿಯ ಹೆಸರು, ಊರು, ಗಂಡೋ ಹೆಣ್ಣೋ, ತೂಕ, ಷರಾ. ಜಾತಿಗೆ ಅಂಕಣವಿಲ್ಲ, ಧರ್ಮಕ್ಕೂ ಇಲ್ಲ. ಜಾತಿಯ ಅಂಕಣವಿರುವುದು ನಮ್ಮ ಶಾಲೆಯ ರಜಿಸ್ಟರಿನಲ್ಲಿ. ಸರಕಾರಕ್ಕೆ ಬೇಕಾದ್ದರಿಂದ ನಾವು ಬರೆದುಕೊಳ್ಳುತ್ತೇವೆ. ಅಧಿಕಾರಿ ಪುಟ ತಿರುವುತ್ತಿದ್ದಾಗ ಹೊರಗೆ ಇಬ್ಬರು ಸೂಲಗಿತ್ತಿಯರು ಬಂದು ಕೂತಿದ್ದರಂತೆ, ಯಾರೂ ಕರೆಯದೆ. ಅರ್ಜಿ ಅಲ್ಲಿಗೇ ಮುಗಿಯಿತು.

ಆ ನೋಟುಪುಸ್ತಕಗಳು ಒಟ್ಟು ಏಳು. ನಮ್ಮ ಮಕ್ಕಳು ಬಳಸುವಂಥ ಅಡ್ಡಗೆರೆಯ ಸಾದಾ ವಹಿಗಳು. ಮೊದಲೆರಡರಲ್ಲಿ ಕೂಸಿನ ತೂಕ ಪೌಂಡುಗಳಲ್ಲಿದೆ, ದಶಮಾನ ಪದ್ಧತಿ ಬಂದ ಮೇಲೆ ಕಿಲೋಗಳಲ್ಲಿದೆ. ತೂಕ ನೋಡುವುದಕ್ಕೆ ಕೊಂಡಿಯುಳ್ಳ ಸ್ಪ್ರಿಂಗ್ ತಕ್ಕಡಿ, ಅದಕ್ಕೊಂದು ಬಟ್ಟೆಯ ಜೋಳಿಗೆ. ತೂಕ ಕಡಿಮೆಯಿದ್ದ ಕೂಸುಗಳ ಸಾಲಿನಲ್ಲಿ ಹದಿನೈದು ದಿನಗಳಿಗೊಮ್ಮೆ ಮತ್ತೆ ತೂಗಿದ ಲೆಕ್ಕ ಇದೆ. ಬದುಕದ ಕೂಸುಗಳ ಸಾಲುಗಳೂ ಇವೆ. ಹೊತ್ತು, ತೂಕ ಎಲ್ಲವನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆದು, ಷರಾದಲ್ಲಿ ಕಾರಣ ಬರೆದಿದ್ದಾರೆ. ಕಾರಣ ತಿಳಿಯದಲ್ಲಿ ‘ತಿಳಿಯಲಿಲ್ಲ’ ಎಂದಿದೆ. ದೀಪ ಹಿಡಿದ ಮಹಿಳೆಯೆಂದು ನಾವು ಪಾಠ ಹೇಳುವ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಕ್ರಿಮಿಯಾ ಯುದ್ಧದ ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕ ಬರೆದು, ಯಾವುದರಿಂದ ಸತ್ತರೆಂದು ಚಿತ್ರ ಬಿಡಿಸಿ ತನ್ನ ಸರಕಾರಕ್ಕೆ ತೋರಿಸಿದವಳು. ಪಠ್ಯಪುಸ್ತಕದಲ್ಲಿ ದೀಪ ಮಾತ್ರ ಉಳಿದಿದೆ.

ಶಾಲೆಗೂ ಅವರಿಗೂ ಹತ್ತಿರದ ಸಂಬಂಧ ಬಂದದ್ದು ಅವರ ನಿವೃತ್ತಿಯ ನಂತರ, ಮೊಮ್ಮಕ್ಕಳ ಮೂಲಕ. ಮಗ ಸೊಸೆ ಇಬ್ಬರೂ ಇಚಲಕರಂಜಿಯಲ್ಲಿ ದುಡಿಯುತ್ತಿದ್ದರು. ಇಬ್ಬರು ಮೊಮ್ಮಕ್ಕಳನ್ನು ಆಯಿ ತಮ್ಮ ಬಳಿ ಇಟ್ಟುಕೊಂಡು ನಮ್ಮ ಶಾಲೆಗೆ ಹಾಕಿದರು. ಮರಾಠಿ ಶಾಲೆ ಮನೆಗೆ ಹತ್ತಿರವಿತ್ತು. ಇಂಗ್ಲಿಷ್ ಶಾಲೆಯ ಬಸ್ಸು ಓಣಿಗೇ ಬರುತ್ತಿತ್ತು. ಆದರೂ ಇಲ್ಲಿಗೇ. ನಾನು ಆಗ ಹೊಸದಾಗಿ ಸೇರಿದ ಶಿಕ್ಷಕಿ. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಆಯಿ ನಿಂತಿದ್ದಾರೆಂದರೆ ಮಕ್ಕಳು ಹಿಂದಿನ ಗೋಡೆ ಹಾರಲು ನೋಡುತ್ತಿದ್ದರು. ತಮ್ಮ ಮೊಮ್ಮಕ್ಕಳದಷ್ಟೇ ಅಲ್ಲ, ಸಿಕ್ಕವರೆಲ್ಲರ ಉಗುರು, ಕಿವಿ, ತಲೆಯ ಹೇನು ನೋಡುವರು. ಉಗುರು ಬೆಳೆಸಿಕೊಂಡವರಿಗೆ ಶಿಕ್ಷೆ, ಆ ಉಗುರುಗಳನ್ನು ಅಲ್ಲೇ ಕತ್ತರಿಸಿಕೊಂಡು ಕಾಗದದಲ್ಲಿ ಕಟ್ಟಿ ಮನೆಗೆ ಒಯ್ದು ತಾಯಿಗೆ ತೋರಿಸುವುದು. ಕಣ್ಣಿನ ರೆಪ್ಪೆಯ ಒಳಗು ನೋಡಿ, ಈ ಹುಡುಗಿಗೆ ರಕ್ತ ಕಡಿಮೆ ಇದೆ, ನುಗ್ಗೆ ಸೊಪ್ಪು ತಿನ್ನಿಸಿರೆಂದು ಮನೆಯವರಿಗೆ ಹೇಳಿ ಕಳಿಸುವರು. ದೊಡ್ಡ ಹುಡುಗಿಯರನ್ನು ಬೇರೆ ಕೂರಿಸಿಕೊಂಡು, ತಾಯಂದಿರು ಹೇಳಲು ನಾಚುವ ಮಾತುಗಳನ್ನು ನಾಚದೆ ಹೇಳಿದವರೂ ಅವರೇ. ಆ ವರ್ಷಗಳಲ್ಲಿ ಏಳನೆಯ ತರಗತಿಯ ಹುಡುಗಿಯರು ತಿಂಗಳ ದಿನಗಳಲ್ಲಿ ಶಾಲೆ ತಪ್ಪಿಸುವುದು ಕಡಿಮೆಯಾಯಿತು. ಇದನ್ನು ನಮ್ಮ ಹಾಜರಿ ಪುಸ್ತಕಗಳಲ್ಲಿ ಯಾರು ಬೇಕಾದರೂ ನೋಡಬಹುದು.

2012ರ ಮಳೆಗಾಲದಲ್ಲಿ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಣ್ಣು ಬೆಳಗಾವಿಯಲ್ಲಿ ಆಯಿತು. ಇಲ್ಲಿಂದ ಎರಡು ಟ್ರಕ್ ಜನ ಹೋಗಿದ್ದರು, ಹೆಚ್ಚಿನವರು ಹೆಂಗಸರು. ಸಭಾಪಾಲಕರು ಕನ್ನಡದಲ್ಲಿ ಪ್ರಾರ್ಥಿಸಿದರು. ಮರಾಠಿಯವರಿಗೂ ತಿಳಿಯಲೆಂದು ಮೊಮ್ಮಗಳು ಎದ್ದು ನಿಂತು ನಡುನಡುವೆ ಮರಾಠಿಯಲ್ಲಿ ಹೇಳಿದಳು. ಆಕೆಯೂ ಈಗ ನರ್ಸ್.

ಕೋವಾಡವೆಂದರೆ ಹೊರಗಿನ ಓದುಗರಿಗೆ ‘ಸ್ವಾಮಿ’ ಬರೆದ ರಣಜಿತ ದೇಸಾಯಿಯವರ ಊರು; ನಮಗೆ ತಾಮ್ರಪರ್ಣಿಯ ದಂಡೆಯ ಊರು. 2019ರ ಆಗಸ್ಟಿನಲ್ಲಿ ಆ ನದಿಯೇ ಪೇಟೆಯೊಳಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಆಯಿಯ ಟ್ರಂಕು ಎರಡು ದಿನ ನೀರಿನಲ್ಲಿತ್ತು. ಮೊಮ್ಮಗಳು ಬಂದು ಒಂದೊಂದು ಪುಟದ ನಡುವೆ ಹಳೆಯ ಪತ್ರಿಕೆ ಇಟ್ಟು, ಫ್ಯಾನಿನ ಕೆಳಗೆ ಒಣಗಿಸಿದಳು. ಐದು ವಹಿಗಳು ಪೂರ್ತಿ ಉಳಿದವು. ಮೂರನೆಯದರಲ್ಲಿ ಮಸಿ ಹರಡಿ ಕೆಲವು ಪುಟಗಳು ಹೋಗಿವೆ. ಆರನೆಯದರಲ್ಲಿ 1981ರ ಕೆಲವು ತಿಂಗಳುಗಳು ಓದಲು ಬರುವುದಿಲ್ಲ. ಮೂಲ ವಹಿಗಳನ್ನು ಅವರ ಮನೆಯವರು ಇಟ್ಟುಕೊಂಡಿದ್ದಾರೆ. ಅವರ ಅನುಮತಿಯಿಂದ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಬೇಸಿಗೆ ರಜೆಯಲ್ಲಿ ಓದಲು ಬರುವಷ್ಟನ್ನೂ ದುಂಡಗೆ ನಕಲು ಮಾಡಿದ್ದಾರೆ.

ಈ ನಕಲು ಪ್ರತಿ ನನ್ನ ಕಚೇರಿಯಲ್ಲಿದೆ. ಅದರಲ್ಲಿ ತಾಯಂದಿರ ಹೆಸರುಗಳೂ ಮನೆಯ ಸಂಗತಿಗಳೂ ಇರುವುದರಿಂದ ಮೇಜಿನ ಮೇಲೆ ತೆರೆದಿಡುವುದಿಲ್ಲ. ಆದರೆ 1958ರಿಂದ 1992ರ ಒಳಗೆ ಈ ಸುತ್ತಿನ ಊರುಗಳಲ್ಲಿ ಹುಟ್ಟಿ, ಶಾಲೆಯ ದಾಖಲೆಯಲ್ಲಿ ಜೂನ್ 1ರವರಾಗಿರುವ ಹಳೆಯ ವಿದ್ಯಾರ್ಥಿಗಳು ಊಟದ ನಂತರ ಬಂದು ತಮ್ಮ ತಾಯಿಯ ಹೆಸರು, ಊರು ಹೇಳಿದರೆ ಹುಡುಕಿ ಕೊಡುತ್ತೇವೆ. ದಾಖಲೆಯ ತಾರೀಖನ್ನು ಬದಲಿಸುವ ಅಧಿಕಾರ ನನಗಿಲ್ಲ. ಹುಟ್ಟಿದ ಹೊತ್ತನ್ನೂ ತೂಕವನ್ನೂ ಹೇಳಬಲ್ಲೆ. ನಿನ್ನೆ ಸಂಜೆ ಅರವತ್ತು ದಾಟಿದ ಒಬ್ಬರು ಬಂದು ನೋಡಿಕೊಂಡು ಹೋದರು. ಅವರು ಹುಟ್ಟಿದ್ದು ನವೆಂಬರಿನ ಒಂದು ರಾತ್ರಿ ಎರಡೂವರೆಗೆ, ಐದು ಪೌಂಡು ತೂಕ, ಷರಾದಲ್ಲಿ ‘ಜೋರಾಗಿ ಅತ್ತಿತು’ ಎಂದಿದೆ.